ಆರನೇ ಕ್ಲಾಸಿಗೆ ಯಾವ ಸರ್ಕಾರಿ ಶಾಲೆ? ರಿಸಲ್ಟ್ ಕೇಳುವ ಮುಂಚೆ ಇಷ್ಟು ನೋಡಿ

ದೀಪಾವಳಿ ಮುಗಿದರೆ ಸಾಕು, ನನಗೆ ಒಂದೇ ಪ್ರಶ್ನೆ ಬರುತ್ತದೆ. "ಅಕ್ಕಾ, ಹುಡುಗಿ ಐದನೇತ್ತ ಮುಗಸ್ತಾಳ. ಮುಂದ ಎಲ್ಲಿ ಹಾಕೂಣು?" ಇಂಡಿಯಿಂದ ಒಬ್ಬರು, ಮುದ್ದೇಬಿಹಾಳದಿಂದ ಇನ್ನೊಬ್ಬರು, ಜಮಖಂಡಿಯಲ್ಲಿರುವ ನನ್ನ ತಂಗಿಯ ಓಣಿಯಿಂದ ನಾಲ್ಕೈದು ಜನ. ನಾನು ಟೀಚರ್ ಅಲ್ಲ. ವಿಜಯಪುರದ ಹತ್ತಿರ ಒಂದು ಹಳ್ಳಿಯಲ್ಲಿ ಎರಡು ಮಕ್ಕಳನ್ನು ಸರ್ಕಾರಿ ಶಾಲೆಯಲ್ಲೇ ಓದಿಸಿದ ತಾಯಿ. ಮೂರು ವರ್ಷ ಶಾಲೆಯ ಎಸ್‌ಡಿಎಂಸಿಯಲ್ಲಿದ್ದೆ, ಅಂದರೆ ಶಾಲೆಯ ಮೇಲ್ವಿಚಾರಣೆ ನೋಡುವ ಪಾಲಕರ ಸಮಿತಿಯಲ್ಲಿ. ಆ ಮೂರು ವರ್ಷದಲ್ಲಿ ಕಲಿತದ್ದನ್ನು ಒಂದೇ ಕಡೆ ಬರೆದಿಡುತ್ತಿದ್ದೇನೆ.

ಆಯ್ಕೆಗಳು ಕಡಿಮೆ ಏನಿಲ್ಲ. ಊರಿನ ಹಿರಿಯ ಪ್ರಾಥಮಿಕ ಶಾಲೆ, ದೊಡ್ಡ ಊರುಗಳಲ್ಲಿರುವ ಕರ್ನಾಟಕ ಪಬ್ಲಿಕ್ ಶಾಲೆ, ತಾಲ್ಲೂಕಿನ ಆದರ್ಶ ವಿದ್ಯಾಲಯ, ಮೊರಾರ್ಜಿ ಮತ್ತು ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳು, ಆಲಮಟ್ಟಿಯಲ್ಲಿರುವ ಕೇಂದ್ರ ಸರ್ಕಾರದ ನವೋದಯ ವಸತಿ ಶಾಲೆ, ವಿಜಯಪುರದ ಸೈನಿಕ ಶಾಲೆ. ಎಲ್ಲವೂ ಸರ್ಕಾರದ ಕಡೆಯವೇ, ಆದರೆ ಒಂದರ ಹಾಗೆ ಇನ್ನೊಂದಿಲ್ಲ. ಕೇಳುವವರೆಲ್ಲ ಮೊದಲು ಕೇಳುವುದು "ರಿಸಲ್ಟ್ ಎಷ್ಟು?" ಅಂತ. ಅಲ್ಲಿಂದಲೇ ಶುರು ಮಾಡೋಣ, ಯಾಕೆಂದರೆ ಜಾಸ್ತಿ ಜನ ದಾರಿ ತಪ್ಪುವುದು ಅಲ್ಲೇ.

ರಿಸಲ್ಟ್ ಅನ್ನೋ ಸಂಖ್ಯೆ

ಆರು, ಏಳು, ಎಂಟನೇ ಕ್ಲಾಸಿಗೆ ಜನ ನೋಡಿ ಹೋಲಿಸುವಂಥ ರಿಸಲ್ಟೇ ಇಲ್ಲ. ಶಾಲೆಯೊಳಗೆ ಎಫ್‌ಎ ಅಂತ ಸಣ್ಣ ಪರೀಕ್ಷೆ, ಎಸ್‌ಎ ಅಂತ ದೊಡ್ಡ ಪರೀಕ್ಷೆ ನಡೆಯುತ್ತದೆ, ಎ ಪ್ಲಸ್, ಎ, ಬಿ ಪ್ಲಸ್ ಅಂತ ಗ್ರೇಡ್ ಬರುತ್ತದೆ. ಆದರೆ ಒಂದು ಶಾಲೆಯ ಎ ಇನ್ನೊಂದು ಶಾಲೆಯ ಬಿ ಇರಬಹುದು. ಹಾಗಾಗಿ ಜನ ಎಸ್ಸೆಸ್ಸೆಲ್ಸಿ ಪರ್ಸೆಂಟೇಜ್ ಹಿಡಿದುಕೊಂಡು ಆರನೇ ಕ್ಲಾಸಿನ ಶಾಲೆ ಆರಿಸುತ್ತಾರೆ.

ಆ ಪರ್ಸೆಂಟೇಜ್ ಎಷ್ಟು ಅಲುಗಾಡುತ್ತದೆ ಗೊತ್ತಾ? 2023ರಲ್ಲಿ ಇಡೀ ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ 83.89 ಪರ್ಸೆಂಟ್. 2024ರಲ್ಲಿ ಪರೀಕ್ಷಾ ಕೋಣೆಗಳಲ್ಲಿ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಮಾಡಿದರು. ಫಲಿತಾಂಶ 73.40ಕ್ಕೆ ಇಳಿಯಿತು. ಅದೂ ಕೃಪಾಂಕವನ್ನು ಶೇಕಡಾ 10ರಿಂದ 20ಕ್ಕೆ ಏರಿಸಿದ ಮೇಲೆ. ಒಂದು ವರ್ಷದಲ್ಲಿ ಮೇಷ್ಟ್ರುಗಳು ಪಾಠ ಮರೆತರಾ? ಮಕ್ಕಳು ದಡ್ಡರಾದರಾ? ಇಲ್ಲ, ಅಳತೆಯ ಕೋಲು ಬದಲಾಯಿತು. ಅದಕ್ಕೇ 2024ಕ್ಕಿಂತ ಹಿಂದಿನ ಶೇಕಡಾ ನೂರರ ಬ್ಯಾನರ್ ಗೇಟಿನ ಮೇಲೆ ಕಂಡರೆ ಅದನ್ನು ನೋಡಿ ತೀರ್ಮಾನ ಮಾಡಬೇಡಿ. 2024ರಿಂದ ಈಚಿನದ್ದು ಕೇಳಿ, ಅದೂ ಕನಿಷ್ಠ ಎರಡು ವರ್ಷದ್ದು.

ಇನ್ನೊಂದು ಮಾತು ಇದಕ್ಕಿಂತ ಮುಖ್ಯ. ನವೋದಯ, ಆದರ್ಶ, ಮೊರಾರ್ಜಿ ಇವೆಲ್ಲ ಪ್ರವೇಶ ಪರೀಕ್ಷೆ ಮಾಡಿ ಮಕ್ಕಳನ್ನು ತೆಗೆದುಕೊಳ್ಳುತ್ತವೆ. ಜಿಲ್ಲೆಯ ಹತ್ತಾರು ಸಾವಿರ ಮಕ್ಕಳಲ್ಲಿ ಚೆನ್ನಾಗಿ ಓದುವವರನ್ನು ಆರಿಸಿಕೊಂಡ ಮೇಲೆ ಐದು ವರ್ಷದ ನಂತರ ರಿಸಲ್ಟ್ ಚೆನ್ನಾಗಿ ಬರಲೇಬೇಕು. ನಮ್ಮೂರ ಶಾಲೆ ಬಾಗಿಲಿಗೆ ಬಂದ ಯಾವ ಮಗುವನ್ನೂ ವಾಪಸ್ ಕಳಿಸುವ ಹಾಗಿಲ್ಲ, ಕಳಿಸಲೂಬಾರದು. ಅಕ್ಷರ ಬಾರದ ಹುಡುಗನನ್ನು ಮೂರು ವರ್ಷದಲ್ಲಿ ಪೇಪರ್ ಓದುವ ಮಟ್ಟಕ್ಕೆ ತಂದ ಶಾಲೆಯ ಕೆಲಸ ಯಾವ ಪರ್ಸೆಂಟೇಜಿನಲ್ಲೂ ಕಾಣುವುದಿಲ್ಲ. ಹಾಗಾಗಿ ಎರಡು ಶಾಲೆಗಳ ರಿಸಲ್ಟ್ ಹೋಲಿಸುವಾಗ ಮೊದಲು ಕೇಳಬೇಕಾದ್ದು, ಆ ಶಾಲೆಗೆ ಯಾವ ಮಕ್ಕಳು ಬರುತ್ತಾರೆ ಅಂತ.

ಕ್ಲಾಸಿನಲ್ಲಿ ಯಾರು ಕೂತಿದ್ದಾರೆ

ಈ ಪ್ರಶ್ನೆಯನ್ನು ಕೆಲವರು ಜಾತಿ ತಿಳಿಯಲಿಕ್ಕೆ ಕೇಳುತ್ತಾರೆ. ಅದು ನನಗೆ ಬೇಸರ. "ತಾಂಡಾದ ಮಕ್ಕಳು ಜಾಸ್ತಿ ಅದಾರ, ಬ್ಯಾಡ" ಅಂದವರ ಮಾತನ್ನು ನಾನೇ ಕಿವಿಯಾರೆ ಕೇಳಿದ್ದೇನೆ. ನಾನು ಕೇಳಿ ಅನ್ನುವುದು ಬೇರೆ ಕಾರಣಕ್ಕೆ. ಮಕ್ಕಳು ಎಲ್ಲಿಂದ ಬರುತ್ತಾರೆ, ಮನೆಯಲ್ಲಿ ಯಾವ ಭಾಷೆ ಮಾತಾಡುತ್ತಾರೆ, ವರ್ಷದಲ್ಲಿ ಎಷ್ಟು ತಿಂಗಳು ಊರಲ್ಲಿ ಇರುತ್ತಾರೆ ಅನ್ನೋದು ಗೊತ್ತಾದರೆ ಶಾಲೆ ಆ ಮಕ್ಕಳಿಗಾಗಿ ಏನು ಮಾಡುತ್ತಿದೆ ಅಂತ ಕೇಳಲಿಕ್ಕೆ ಬರುತ್ತದೆ. ನಿಮ್ಮ ಮಗುವಿಗೆ ಎಷ್ಟು ಗಮನ ಸಿಗುತ್ತದೆ ಅನ್ನೋದೂ ಅದರಲ್ಲೇ ಇದೆ.

ನಮ್ಮ ಕಡೆಯ ಆರನೇ ಕ್ಲಾಸು ಒಂದು ಸಂತೆ ಇದ್ದ ಹಾಗೆ. ತಾಂಡಾಗಳಲ್ಲಿ, ತೋಟದ ವಸತಿಗಳಲ್ಲಿ ಇರುವ ಕಿರಿಯ ಪ್ರಾಥಮಿಕ ಶಾಲೆ ಐದಕ್ಕೆ ಮುಗಿಯುತ್ತದೆ. ಅಲ್ಲಿನ ಮಕ್ಕಳೆಲ್ಲ ಜೂನ್‌ನಲ್ಲಿ ದೊಡ್ಡ ಶಾಲೆಗೆ ಬಂದು ಸೇರುತ್ತಾರೆ. ಒಬ್ಬರೇ ಅಥವಾ ಇಬ್ಬರೇ ಶಿಕ್ಷಕರಿದ್ದ ಕಡೆ ಓದಿದವರು, ಮನೆಯಲ್ಲಿ ಲಂಬಾಣಿ ಮಾತಾಡುವವರು, ಗಡಿ ಕಡೆಯಾದರೆ ಮರಾಠಿ ಮನೆಮಾತಿನವರು, ಜೊತೆಗೆ ಒಂದನೇ ಕ್ಲಾಸಿನಿಂದ ಅಲ್ಲೇ ಓದಿದವರು, ಎಲ್ಲರೂ ಒಂದೇ ಕೋಣೆಯಲ್ಲಿ. ಶಾಲೆ ಶುರುವಾದಾಗ ಸೇತುಬಂಧ ಅಂತ ನಡೆಸುತ್ತಾರೆ, ಮಗು ಹಿಂದಿನ ಕ್ಲಾಸಿನದು ಎಷ್ಟು ಕಲಿತಿದೆ ಅಂತ ನೋಡಿ ಬಿಟ್ಟುಹೋದದ್ದನ್ನು ತುಂಬುವ ಕೆಲಸ. ಮುಂಚೆ ಒಂದು ಪರೀಕ್ಷೆ, ಆಮೇಲೆ ಒಂದು ಪರೀಕ್ಷೆ. ಆ ದಾಖಲೆ ತೋರಿಸಿ ಅಂತ ಕೇಳಿ. ಖುಷಿಯಿಂದ ತೆಗೆದು ತೋರಿಸುವ ಹೆಡ್ ಮಾಸ್ತರು ಇದ್ದಾರೆ. ಎಲ್ಲಿಟ್ಟಿದ್ದೇವೋ ಅಂತ ಅಲಮಾರಿ ಹುಡುಕುವವರೂ ಇದ್ದಾರೆ. ನಿಮಗೆ ಬೇಕಾದ ಉತ್ತರ ಅಲ್ಲೇ ಸಿಕ್ಕಿರುತ್ತದೆ.

ಗುಳೆಯ ವಿಷಯ ಬೇರೆ. ಕಬ್ಬು ಕಟಾವಿಗೆ ಅಂತ ದಸರಾ, ದೀಪಾವಳಿ ಹೊತ್ತಿಗೆ ಗ್ಯಾಂಗುಗಳು ಸಾಂಗ್ಲಿ, ಕೊಲ್ಹಾಪುರ ಕಡೆ ಹೋಗುತ್ತವೆ. ಕೆಲವರು ಗೋವಾಕ್ಕೆ ಕಟ್ಟಡ ಕೆಲಸಕ್ಕೆ. ಅಜ್ಜಿ ಇದ್ದರೆ ಮಕ್ಕಳು ಊರಲ್ಲಿ ಉಳಿಯುತ್ತಾರೆ, ಇಲ್ಲದಿದ್ದರೆ ಟ್ರ್ಯಾಕ್ಟರ್ ಹತ್ತುತ್ತಾರೆ. ಒಂದು ಜನವರಿಯಲ್ಲಿ ನಾನು ಆರನೇ ಕ್ಲಾಸಿನ ಬಾಗಿಲಲ್ಲಿ ನಿಂತಿದ್ದೆ. ಕರಿಹಲಗೆಯ ಮೂಲೆಯಲ್ಲಿ ಚಾಕ್‌ಪೀಸಿನಲ್ಲಿ ಬರೆದಿತ್ತು: ಒಟ್ಟು 46, ಹಾಜರ್ 29. ಆ 46ನ್ನು ಬರೆದ ಕೈ ಎರಡು ತಿಂಗಳಿಂದ ಅಳಿಸಿಲ್ಲ, 29 ಮಾತ್ರ ದಿನಾ ಬದಲಾಗುತ್ತಿತ್ತು. ಅಕ್ಕೋರು, ಅಂದರೆ ಆ ಕ್ಲಾಸಿನ ಟೀಚರು, ಹಾಜರಿ ಪುಸ್ತಕ ಬಿಡಿಸಿ ತೋರಿಸಿದರು. ಹೋದ ಪ್ರತಿ ಮಗುವಿನ ಹೆಸರಿನ ಮುಂದೆ ಪೆನ್ಸಿಲಿನಲ್ಲಿ ಗ್ಯಾಂಗಿನ ಮುಖ್ಯಸ್ಥ ಮುಕಾದಮನ ಫೋನ್ ನಂಬರ್. ವಾರಕ್ಕೊಮ್ಮೆ ಫೋನ್ ಮಾಡಿ "ಮಗ್ಗಿ ಹೇಳಪ್ಪಾ" ಅಂತ ಕೇಳುತ್ತಿದ್ದರಂತೆ. ಮಾರ್ಚ್‌ನಲ್ಲಿ ವಾಪಸ್ ಬಂದವರನ್ನು ಸಂಜೆ ಒಂದು ತಾಸು ಕೂರಿಸಿಕೊಳ್ಳುತ್ತಿದ್ದರು. ಆ ಶಾಲೆಯ ಸಂಖ್ಯೆಗಳು ಯಾವ ಪಟ್ಟಿಯಲ್ಲೂ ಮೇಲೆ ಬರಲಾರವು. ನನ್ನ ಮಗಳನ್ನು ನಾನು ಓದಿಸಿದ್ದು ಅಲ್ಲೇ.

ಇನ್ನೊಂದು ನನ್ನ ಕಣ್ಣಿಗೆ ಬಿದ್ದದ್ದು. ಸ್ವಲ್ಪ ಅನುಕೂಲ ಇದ್ದವರು ಮಗನನ್ನು ಖಾಸಗಿ ಶಾಲೆಯ ಹಳದಿ ವ್ಯಾನ್ ಹತ್ತಿಸುತ್ತಾರೆ, ಮಗಳನ್ನು ಊರ ಶಾಲೆಗೆ ಕಳಿಸುತ್ತಾರೆ. ನಮ್ಮ ಶಾಲೆಯ ಹಾಜರಿಯಲ್ಲಿ ಗಂಡು, ಹೆಣ್ಣು ಎರಡು ಕಾಲಂ ನೋಡಿದರೆ ಇದು ಕಾಣುತ್ತಿತ್ತು. ಹಾಗಾಗಿ ಆರು, ಏಳಕ್ಕೆ ಬರುವ ಹೆಣ್ಣುಮಕ್ಕಳಿಗೆ ನೀರಿರುವ ಶೌಚಾಲಯ ಇದೆಯಾ, ಶುಚಿ ಪ್ಯಾಡ್ ಬರುತ್ತಾ ಅನ್ನೋದನ್ನೂ ಓದಿನ ಪ್ರಶ್ನೆ ಅಂತಲೇ ತಿಳಿಯಿರಿ. ಬೀಗ ಹಾಕಿದ ಶೌಚಾಲಯ ಇರುವ ಶಾಲೆಯಲ್ಲಿ ಏಳನೇ ಕ್ಲಾಸಿನ ಹುಡುಗಿ ತಿಂಗಳಿಗೆ ನಾಲ್ಕು ದಿನ ಮನೆಯಲ್ಲೇ ಉಳಿಯುತ್ತಾಳೆ.

ಹಾಗಾದರೆ ಓದು ಹೇಗಿದೆ ಅಂತ ತಿಳಿಯೋದು ಹೇಗೆ

ಮೂರು ದಾರಿ ಇದೆ. ಒಂದು, ಶಿಕ್ಷಕರು. ಆರರಿಂದ ಎಂಟಕ್ಕೆ 35 ಮಕ್ಕಳಿಗೆ ಒಬ್ಬ ಶಿಕ್ಷಕರು ಇರಬೇಕು ಅಂತ ಆರ್‌ಟಿಇ, ಅಂದರೆ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಗಣಿತ ವಿಜ್ಞಾನಕ್ಕೆ ಒಬ್ಬರು, ಸಮಾಜಕ್ಕೆ ಒಬ್ಬರು, ಭಾಷೆಗೆ ಒಬ್ಬರು ಕನಿಷ್ಠ ಇರಲೇಬೇಕು. ಎಷ್ಟು ಶಿಕ್ಷಕರು ಅಂತ ಕೇಳಿದರೆ ಎಂಟು ಅಂತಾರೆ, ಒಳಗೆ ನೋಡಿದರೆ ಗಣಿತದವರೇ ಇಲ್ಲ. ಹಾಗಾಗಿ "ಆರನೇ ಕ್ಲಾಸಿಗೆ ಗಣಿತ ಯಾರು ತಗೋತಾರೆ, ಅವರು ಕಾಯಂ ಇದ್ದಾರಾ, ಅತಿಥಿ ಶಿಕ್ಷಕರಾ?" ಅಂತಲೇ ಕೇಳಿ. ಅತಿಥಿ ಶಿಕ್ಷಕರು ಕಡಿಮೆ ಅಂತಲ್ಲ, ನನ್ನ ಮಗನಿಗೆ ಇಂಗ್ಲಿಷ್ ಹಿಡಿಸಿದ್ದೇ ಒಬ್ಬ ಅತಿಥಿ ಶಿಕ್ಷಕಿ. ಆದರೆ ಅವರನ್ನು ಮುಂದಿನ ವರ್ಷ ಅಲ್ಲೇ ಇರುತ್ತಾರೆ ಅಂತ ನಂಬಿಕೊಳ್ಳೋಕೆ ಆಗುವುದಿಲ್ಲ.

ಎರಡನೇದು, ಎನ್‌ಎಂಎಂಎಸ್ ಅನ್ನೋ ವಿದ್ಯಾರ್ಥಿವೇತನದ ಪರೀಕ್ಷೆ. ಇದು ಎಂಟನೇ ಕ್ಲಾಸಿನ ಮಕ್ಕಳಿಗೆ. ಪಾಸಾಗಿ ಪಟ್ಟಿಯಲ್ಲಿ ಬಂದರೆ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000 ರೂಪಾಯಿ. ಸರ್ಕಾರಿ ಮತ್ತು ಅನುದಾನಿತ ಶಾಲೆಯ ಮಕ್ಕಳಿಗೆ ಮಾತ್ರ, ಕುಟುಂಬದ ವರ್ಷದ ಆದಾಯ ಮೂರೂವರೆ ಲಕ್ಷದೊಳಗೆ ಇರಬೇಕು. ಆರು, ಏಳರಲ್ಲಿ ಪಾಠ ಗಟ್ಟಿಯಾಗಿ ನಡೆದಿದ್ದರೆ ಅದು ಇಲ್ಲಿ ಕಾಣುತ್ತದೆ. ಹೋದ ವರ್ಷ ಎಷ್ಟು ಜನ ಬರೆದರು, ಎಷ್ಟು ಜನಕ್ಕೆ ಬಂತು ಕೇಳಿ. ಏಳಕ್ಕೇ ಮುಗಿಯುವ ಶಾಲೆಯಾದರೆ ಅಲ್ಲಿಂದ ಹೋದ ಮಕ್ಕಳನ್ನು ಹತ್ತಿರದ ಹೈಸ್ಕೂಲಿನಲ್ಲಿ ವಿಚಾರಿಸಿ.

ಮೂರನೇದು ನೀವೇ ಮಾಡುವಂಥದ್ದು. ಮಕ್ಕಳ ಓದು, ಲೆಕ್ಕ ಅಳೆಯುವ ಅಸರ್ ಸಮೀಕ್ಷೆಯವರು ಹಳ್ಳಿಹಳ್ಳಿಗೆ ಹೋಗಿ ಮಾಡುವ ಪರೀಕ್ಷೆ ತೀರಾ ಸರಳ. ಎರಡನೇ ಕ್ಲಾಸಿನ ಮಟ್ಟದ ಒಂದು ಚಿಕ್ಕ ಕತೆ ಓದಿಸುತ್ತಾರೆ, ಮೂರಂಕಿಯನ್ನು ಒಂದಂಕಿಯಿಂದ ಭಾಗಿಸೋಕೆ ಹೇಳುತ್ತಾರೆ. ಅಷ್ಟೇ. ಪಕ್ಕದ ಮನೆಯ ಏಳನೇ ಕ್ಲಾಸಿನ ಎರಡು ಮಕ್ಕಳಿಗೆ ಚಹಾ ಕುಡಿಯುವಷ್ಟು ಹೊತ್ತಿನಲ್ಲಿ ಇದನ್ನು ಮಾಡಿಸಿ ನೋಡಿ, ಬೈಯಬೇಡಿ, ಸುಮ್ನೆ ನೋಡಿ.

ಒಂದು ದಿನ ಕ್ಲಾಸಿನಲ್ಲಿ ಕೂತು ನೋಡಿದ್ದನ್ನು ಹೇಳುತ್ತೇನೆ. ಮಾಸ್ತರು 735ನ್ನು 7ರಿಂದ ಭಾಗಿಸು ಅಂದರು. ಹುಡುಗ ಹಲಗೆಯ ಮೇಲೆ 15 ಅಂತ ಬರೆದ. ಮಧ್ಯದ ಸೊನ್ನೆ ಬಿಟ್ಟಿದ್ದ. ಕ್ಲಾಸು ನಕ್ಕಿತು. ಮಾಸ್ತರು ನಗಲಿಲ್ಲ, ತಪ್ಪು ಅಂತಲೂ ಹೇಳಲಿಲ್ಲ. "ಏಳ ಹದಿನೈದ್ಲೆ ಎಷ್ಟಪಾ?" ಅಂದರು. ಹುಡುಗ ಬೆರಳು ಮಡಚಿ "ನೂರಾ ಐದ್ರಿ" ಅಂದ. "ಹಂಗಾದ್ರ ಉಳಿದ ಆರ್ನೂರಾ ಮೂವತ್ತು ಎಲ್ಲಿ ಹೋತು?" ಹುಡುಗ ಅಂಗೈಯಲ್ಲಿ ಹಲಗೆ ಒರೆಸಿದ, ತುಸು ಹೊತ್ತು ನಿಂತ, ಮತ್ತೆ ಮೊದಲಿಂದ ಬರೆದ. 105. ಎರಡು ನಿಮಿಷದ ಮಾತು. ನಾನು ಅಂಥ ಎರಡು ನಿಮಿಷ ಇರುವ ಶಾಲೆಯನ್ನು ಹುಡುಕುತ್ತೇನೆ. ಎಸ್‌ಡಿಎಂಸಿ ಮೂಲಕ ಕೇಳಿದರೆ ಒಂದು ತಾಸು ಕೂರಲಿಕ್ಕೆ ಬಹಳ ಶಾಲೆಗಳು ಬಿಡುತ್ತವೆ.

ಕಾಗದದ ಮಾಹಿತಿ ಬೇಕಾದರೆ ಪ್ರತಿ ಶಾಲೆಗೂ ಸರ್ಕಾರ ಕೊಟ್ಟ ಗುರುತಿನ ಸಂಖ್ಯೆ, 11 ಅಂಕಿಯ ಯುಡೈಸ್ ಕೋಡ್ ಇದೆ, ನಮ್ಮ ರಾಜ್ಯದ್ದು 29ರಿಂದ ಶುರುವಾಗುತ್ತದೆ. ಯುಡೈಸ್ ವೆಬ್‌ಸೈಟಿನಲ್ಲಿ ಶಾಲೆ ಹುಡುಕಿದರೆ ಮಕ್ಕಳ ಸಂಖ್ಯೆ, ಶಿಕ್ಷಕರ ಸಂಖ್ಯೆ, ಕೋಣೆ, ಶೌಚಾಲಯ ಎಲ್ಲ ಕಾಣುತ್ತದೆ. ಐದನೇ ಕ್ಲಾಸಿಗಿಂತ ಏಳನೇ ಕ್ಲಾಸಿನಲ್ಲಿ ಮಕ್ಕಳು ತೀರಾ ಕಡಿಮೆ ಇದ್ದರೆ ಎಲ್ಲಿ ಹೋದರು ಅಂತ ವಿಚಾರಿಸಿ.

ಈಗ ಒಂದೊಂದಾಗಿ ಶಾಲೆಗಳು

ಊರಿನ ಹಿರಿಯ ಪ್ರಾಥಮಿಕ ಶಾಲೆ. ಖರ್ಚು ಹತ್ತಿರಹತ್ತಿರ ಇಲ್ಲವೇ ಇಲ್ಲ. ಪುಸ್ತಕ, ಬಟ್ಟೆ, ಬೂಟು, ಬಿಸಿಯೂಟ, ಹಾಲು, ಈಗ ವಾರಕ್ಕೆ ಆರು ದಿನ ಮೊಟ್ಟೆ, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಮಗು ರಾತ್ರಿ ನಿಮ್ಮ ಪಕ್ಕದಲ್ಲೇ ಮಲಗುತ್ತದೆ. ಮೇಲೆ ಹೇಳಿದ ಮೂರು ಪರೀಕ್ಷೆಯಲ್ಲಿ ಎರಡರಲ್ಲಿ ಶಾಲೆ ಗೆದ್ದರೂ ನಾನು ಇದನ್ನೇ ಮೊದಲು ಹೇಳುತ್ತೇನೆ. ಕೊರತೆ ಏನು? ಶಿಕ್ಷಕರ ವರ್ಗಾವಣೆ ಆದರೆ ಶಾಲೆಯೇ ಬದಲಾಗಿಬಿಡುತ್ತದೆ. ಬಹಳ ಕಡೆ ಏಳಕ್ಕೆ ಮುಗಿಯುತ್ತದೆ, ಎಂಟಕ್ಕೆ ಮತ್ತೆ ಹೊಸ ಶಾಲೆ, ಹೊಸ ಬಸ್ಸು. ಎಷ್ಟೋ ಹೆಣ್ಣುಮಕ್ಕಳ ಓದು ನಿಲ್ಲುವುದು ಆ ಜಾಗದಲ್ಲೇ. ಆದ್ದರಿಂದ ಊರ ಶಾಲೆ ಆರಿಸುವವರು ಎಂಟಕ್ಕೆ ಎಲ್ಲಿ ಅನ್ನೋದನ್ನು ಈಗಲೇ ಯೋಚಿಸಿಟ್ಟುಕೊಳ್ಳಿ.

ಉರ್ದು ಅಥವಾ ಮರಾಠಿ ಮಾಧ್ಯಮದಲ್ಲಿ ಓದುತ್ತಿರುವ ಮಕ್ಕಳಿಗೆ ಈ ಪ್ರಶ್ನೆ ಇನ್ನೂ ಗಟ್ಟಿ. ವಿಜಯಪುರ ನಗರದಲ್ಲೋ ಬೆಳಗಾವಿಯಲ್ಲೋ ಇದ್ದರೆ ಅದೇ ಮಾಧ್ಯಮದ ಹೈಸ್ಕೂಲು ಸಿಗುತ್ತದೆ. ಹಳ್ಳಿಯಲ್ಲಿದ್ದರೆ ಏಳರ ನಂತರ ಭಾಷೆ ಬದಲಿಸಬೇಕಾಗಬಹುದು. ಬದಲಿಸೋದೇ ಆದರೆ ಎಂಟಕ್ಕಿಂತ ಆರರಲ್ಲಿ ಬದಲಿಸುವುದು ಮಗುವಿಗೆ ಹಗುರ.

ಕರ್ನಾಟಕ ಪಬ್ಲಿಕ್ ಶಾಲೆ. 2018-19ರಲ್ಲಿ ಶುರುವಾದವು. ಚಿಕ್ಕ ಮಕ್ಕಳ ಕ್ಲಾಸಿನಿಂದ ಪಿಯುಸಿವರೆಗೆ ಒಂದೇ ಆವರಣ. ಎಂಟಕ್ಕೆ ಶಾಲೆ ಬದಲಿಸುವ ತಲೆನೋವಿಲ್ಲ, ಇದೇ ಇದರ ದೊಡ್ಡ ಲಾಭ. ಪ್ರವೇಶ ಪರೀಕ್ಷೆಯ ಜರಡಿ ಇಲ್ಲ, ಹಾಗಾಗಿ ಮಕ್ಕಳು ಎಲ್ಲ ಥರದವರು. ಆದರೆ ಹೆಸರು ಬಂದ ಮೇಲೆ ಜನ ಮುಗಿಬೀಳುತ್ತಾರೆ, ಕ್ಲಾಸು ತುಂಬುತ್ತದೆ. ಇಂಗ್ಲಿಷ್ ಮಾಧ್ಯಮದ ವಿಭಾಗ ಇದ್ದರೆ ಅನುಕೂಲಸ್ಥರ ಮಕ್ಕಳೆಲ್ಲ ಆ ಕಡೆ, ಉಳಿದವರು ಕನ್ನಡದ ಕಡೆ ಆಗಿಬಿಡುವುದನ್ನೂ ನೋಡಿದ್ದೇನೆ. ಎರಡೂ ವಿಭಾಗಕ್ಕೆ ಅದೇ ಶಿಕ್ಷಕರು ಹೋಗುತ್ತಾರಾ ಅಂತ ಕೇಳಿ. ಬಸ್ಸಿನ ದೂರ ಎಂಟು ಹತ್ತು ಕಿಲೋಮೀಟರ್ ಒಳಗಿದ್ದು ಊರ ಶಾಲೆಯಲ್ಲಿ ಗಣಿತದವರಿಲ್ಲ ಅಂದರೆ ಇದು ಒಳ್ಳೆಯ ಆಯ್ಕೆ. ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸು ಉಚಿತ, ಗಂಡುಮಕ್ಕಳಿಗೆ ಪಾಸು. ಆದರೆ ಬೆಳಗ್ಗೆ ಆ ಹೊತ್ತಿಗೆ ಬಸ್ಸು ಬರುತ್ತಾ ಅನ್ನೋದನ್ನು ಒಂದು ವಾರ ನೀವೇ ನಿಲ್ದಾಣದಲ್ಲಿ ನಿಂತು ನೋಡಬೇಕು.

ಆದರ್ಶ ವಿದ್ಯಾಲಯ. ರಾಜ್ಯದಲ್ಲಿ 74 ಇವೆ, ಶಿಕ್ಷಣದಲ್ಲಿ ಹಿಂದುಳಿದ ತಾಲ್ಲೂಕುಗಳಿಗೆ ಅಂತ ಮಾಡಿದ್ದು. ಆರರಿಂದ ಹತ್ತು, ಇಂಗ್ಲಿಷ್ ಮಾಧ್ಯಮ, ರಾಜ್ಯ ಪಠ್ಯ. ಆರನೇ ಕ್ಲಾಸಿಗೆ 80 ಸೀಟು, ಪ್ರವೇಶ ಪರೀಕ್ಷೆ ಬರೆಯಬೇಕು. ವಸತಿ ಇಲ್ಲ. ಇಂಗ್ಲಿಷ್ ಮಾಧ್ಯಮ ಬೇಕು, ದುಡ್ಡಿಲ್ಲ, ಮಗುವನ್ನು ದೂರ ಕಳಿಸೋಕೆ ಮನಸ್ಸಿಲ್ಲ ಅನ್ನುವವರಿಗೆ ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಆದರೆ ಐದರವರೆಗೆ ಕನ್ನಡದಲ್ಲಿ ಓದಿದ ಮಗು ಆರರಲ್ಲಿ ಒಮ್ಮೆಲೇ ವಿಜ್ಞಾನ, ಸಮಾಜ ಇಂಗ್ಲಿಷಿನಲ್ಲಿ ಓದಬೇಕು. ಮೊದಲ ಆರು ತಿಂಗಳು ಬಹಳ ಮಕ್ಕಳು ಅಳುತ್ತಾರೆ, ಮಾರ್ಕ್ಸ್ ಕುಸಿಯುತ್ತದೆ. ಅದಕ್ಕೆ ಬೈದರೆ ಕೆಟ್ಟಿತು. ಏಳರ ಮಧ್ಯದ ಹೊತ್ತಿಗೆ ಸರಿಹೋಗುವುದನ್ನು ಕಂಡಿದ್ದೇನೆ.

ಇಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ ಒಂದು ವಿಷಯ. ಪಿಯುಸಿ ನಂತರ ಇಂಜಿನಿಯರಿಂಗ್‌ನಂಥ ಸೀಟಿಗೆ ಬರೆಯುವ ಸಿಇಟಿಯಲ್ಲಿ ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡಾ 5, ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇಕಡಾ 15 ಮೀಸಲಾತಿ ಇದೆ. ಆರರಲ್ಲಿ ಇಂಗ್ಲಿಷ್ ಮಾಧ್ಯಮಕ್ಕೆ ಹೋದರೆ ಮೊದಲನೆಯದು ಹೋಯಿತು. ಶಾಲೆ ಪುರಸಭೆಯ ಹದ್ದಿನೊಳಗಿದ್ದರೆ ಎರಡನೆಯದೂ ಹೋಯಿತು. ಹಾಗಂತ ಮೀಸಲಾತಿಗಾಗಿ ಶಾಲೆ ಆರಿಸಿ ಅನ್ನುತ್ತಿಲ್ಲ. ಗೊತ್ತಿದ್ದು ಬಿಡುವುದು ಬೇರೆ, ಗೊತ್ತಿಲ್ಲದೆ ಕಳೆದುಕೊಳ್ಳುವುದು ಬೇರೆ ಅಲ್ವಾ.

ಮೊರಾರ್ಜಿ, ಚೆನ್ನಮ್ಮ ಮತ್ತು ಉಳಿದ ವಸತಿ ಶಾಲೆಗಳು. ಆರರಿಂದ ಹತ್ತು, ಊಟ, ವಸತಿ, ಪುಸ್ತಕ, ಬಟ್ಟೆ ಎಲ್ಲ ಉಚಿತ. ಪ್ರವೇಶ ಪರೀಕ್ಷೆ ಇದೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರು ಅಂತ ಯಾವ ಇಲಾಖೆಯ ಶಾಲೆಯೋ ಅದಕ್ಕೆ ತಕ್ಕಂತೆ ಸೀಟು ಹಂಚಿಕೆ. ಇಲ್ಲಿನ ಕ್ಲಾಸಿನಲ್ಲಿ ಕೂರುವವರು ಬಹುಪಾಲು ಕೂಲಿಕಾರರ, ಸಣ್ಣ ರೈತರ ಮಕ್ಕಳು. ಗುಳೆ ಹೋಗುವ ಮನೆಯವರಿಗೆ ನಾನು ಎರಡು ಮಾತಿಲ್ಲದೆ ಹೇಳುವುದು ಇದನ್ನೇ. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಮಗು ಕಬ್ಬಿನ ಗದ್ದೆಯಲ್ಲಿ ಇರುವುದಕ್ಕೂ ಒಂದು ಕಡೆ ಕೂತು ಮೂರು ಹೊತ್ತು ಉಂಡು ಓದುವುದಕ್ಕೂ ಹೋಲಿಕೆಯೇ ಇಲ್ಲ.

ಆದರೆ ಶಾಲೆಗಳಲ್ಲಿ ವ್ಯತ್ಯಾಸ ಬಹಳ. ಸ್ವಂತ ಕಟ್ಟಡ ಇದೆಯಾ, ಬಾಡಿಗೆಯದಾ? ರಾತ್ರಿ ವಾರ್ಡನ್ ಅಲ್ಲೇ ಇರುತ್ತಾರಾ? ಸ್ನಾನಕ್ಕೆ ನೀರು ಎಲ್ಲಿಂದ? ಒಂದು ಭಾನುವಾರ ಹೇಳದೆ ಹೋಗಿ, ಮಕ್ಕಳ ಜೊತೆ ಮಾತಾಡಿ. ಇನ್ನೊಂದು ಲೆಕ್ಕವೂ ಇದೆ. ಸರ್ಕಾರದ ವಸತಿ ಶಾಲೆ, ನವೋದಯ, ಸೈನಿಕ ಶಾಲೆಯ ಮಕ್ಕಳಿಗೆ ಮೇಲೆ ಹೇಳಿದ ಎನ್‌ಎಂಎಂಎಸ್ ಹಣ ಇಲ್ಲ. ಊಟ, ವಸತಿ ಆಗಲೇ ಸಿಗುತ್ತಿರುವುದರಿಂದ ಅದು ನ್ಯಾಯವೇ, ಆದರೂ ತಿಳಿದಿರಲಿ.

ಓದು ಮಧ್ಯದಲ್ಲಿ ಬಿಟ್ಟ ಅಥವಾ ತೀರಾ ಕಷ್ಟದಲ್ಲಿರುವ ಮನೆಯ ಹೆಣ್ಣುಮಕ್ಕಳಿಗೆ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯ ಇದೆ. ಅದರ ಬಗ್ಗೆ ನಿಮ್ಮ ಭಾಗದ ಶಾಲೆಗಳನ್ನು ನೋಡಿಕೊಳ್ಳುವ ಸಿಆರ್‌ಪಿ ಹತ್ತಿರ ಅಥವಾ ತಾಲ್ಲೂಕಿನ ಶಿಕ್ಷಣಾಧಿಕಾರಿ (ಬಿಇಒ) ಆಫೀಸಿನಲ್ಲಿ ಕೇಳಿ.

ನವೋದಯ. ನಮ್ಮ ಜಿಲ್ಲೆಯದು ಆಲಮಟ್ಟಿಯಲ್ಲಿ, ಬೆಳಗಾವಿಯದು ಚಿಕ್ಕೋಡಿ ಕಡೆಯ ಕೋಥಳಿಯಲ್ಲಿ. ಆರನೇ ಕ್ಲಾಸಿಗೆ 80 ಸೀಟು, ಅದರಲ್ಲಿ ಕನಿಷ್ಠ ಮುಕ್ಕಾಲು ಪಾಲು ಹಳ್ಳಿಯ ಮಕ್ಕಳಿಗೆ, ಮೂರನೇ ಒಂದು ಪಾಲು ಹೆಣ್ಣುಮಕ್ಕಳಿಗೆ. ಹಳ್ಳಿಯ ಕೋಟಾ ಬೇಕಾದರೆ ಮೂರು, ನಾಲ್ಕು, ಐದು ಮೂರೂ ಕ್ಲಾಸು ಹಳ್ಳಿಯ ಶಾಲೆಯಲ್ಲಿ ಓದಿರಬೇಕು. ಪರೀಕ್ಷೆ ಕನ್ನಡದಲ್ಲೇ ಬರೆಯಬಹುದು, ಎರಡು ತಾಸು, 80 ಪ್ರಶ್ನೆ, ಅದರಲ್ಲಿ 40 ಬುದ್ಧಿಶಕ್ತಿಯವು. ಒಂದೇ ಸಲ ಬರೆಯಲು ಅವಕಾಶ. ಸಿಬಿಎಸ್‌ಇ ಪಠ್ಯ. ಒಂಬತ್ತನೇ ಕ್ಲಾಸಿನಲ್ಲಿ ಕೆಲವು ಮಕ್ಕಳನ್ನು ಒಂದು ವರ್ಷ ಹಿಂದಿ ರಾಜ್ಯದ ನವೋದಯಕ್ಕೆ ಕಳಿಸುತ್ತಾರೆ, ಅಲ್ಲಿನವರು ಇಲ್ಲಿಗೆ ಬರುತ್ತಾರೆ. ಸಿಕ್ಕರೆ ಬಿಡಬೇಡಿ ಅಂತಲೇ ಹೇಳುತ್ತೇನೆ, ಮಗು ಒಪ್ಪಿದರೆ ಮಾತ್ರ. ಸಿಗದಿದ್ದರೆ ಏನೂ ಕಳೆದುಹೋಗುವುದಿಲ್ಲ. ಜಿಲ್ಲೆಗೆಲ್ಲ 80 ಸೀಟು ಅಷ್ಟೇ.

ಸೈನಿಕ ಶಾಲೆ. ವಿಜಯಪುರದ್ದು 1963ರಲ್ಲಿ ಶುರುವಾಯಿತು, ಈಗ ಹೆಣ್ಣುಮಕ್ಕಳಿಗೂ ಆರಕ್ಕೆ ಪ್ರವೇಶ ಇದೆ. ಹೆಣ್ಣುಮಕ್ಕಳಿಗೇ ಅಂತ ಇರುವುದು ಕಿತ್ತೂರಿನ ರಾಣಿ ಚೆನ್ನಮ್ಮ ಸೈನಿಕ ವಸತಿ ಶಾಲೆ, 1969ರದ್ದು. ವಿಜಯಪುರದ ಪ್ರವೇಶ ಪರೀಕ್ಷೆ 300 ಅಂಕದ್ದು, ಅರ್ಧ ಅಂದರೆ 150 ಗಣಿತಕ್ಕೇ. ಆದರೆ ಇದು ಉಚಿತ ಅಲ್ಲ. ವರ್ಷಕ್ಕೆ ಲಕ್ಷದ ಮೇಲೆ ಬರುತ್ತದೆ. ವಿದ್ಯಾರ್ಥಿವೇತನ ಇದೆ, ಅದು ಯಾರಿಗೆ ಎಷ್ಟು ಅಂತ ಸೇರಿಸುವ ಮುಂಚೆಯೇ ಶಾಲೆಯಲ್ಲಿ ಬರೆಸಿಕೊಂಡು ತಿಳಿಯಿರಿ. ಸೈನ್ಯಕ್ಕೆ ಹೋಗುವ ಆಸೆ ಮಗುವಿಗಿದ್ದು ಮನೆಯಲ್ಲಿ ಶಕ್ತಿ ಇದ್ದರೆ ಸರಿ. ಸಾಲ ಮಾಡಿ ಬೇಡ.

ಕೋಚಿಂಗ್ ಬಗ್ಗೆ ನನ್ನ ಮನೆಯದೇ ಮಾತು

ನಮ್ಮ ವಿಜಯಪುರದಲ್ಲಿ ನವೋದಯ, ಸೈನಿಕ, ಮೊರಾರ್ಜಿ ಕೋಚಿಂಗ್ ಬೋರ್ಡು ಎಲ್ಲಿ ನೋಡಿದರೂ ಕಾಣುತ್ತವೆ. ನನ್ನ ದೊಡ್ಡ ಮಗನನ್ನು ಐದನೇ ಕ್ಲಾಸಿನಲ್ಲಿ ಅಂಥ ಒಂದು ವಸತಿ ಕೋಚಿಂಗಿಗೆ ಹಾಕಿದೆವು. ಎಮ್ಮೆ ಮಾರಿದ ದುಡ್ಡು. ಬೆಳಗ್ಗೆ ಐದಕ್ಕೆ ಎಬ್ಬಿಸಿ ರಾತ್ರಿ ಹತ್ತರವರೆಗೆ ಕೂರಿಸುತ್ತಿದ್ದರು. ತಿಂಗಳಿಗೊಮ್ಮೆ ಮಾತಾಡಲು ಬಿಡುತ್ತಿದ್ದರು. ಯಾವುದಕ್ಕೂ ಆಯ್ಕೆ ಆಗಲಿಲ್ಲ. ಮನೆಗೆ ಬಂದ ದಿನ ರೊಟ್ಟಿ ಮುರಿಯುತ್ತಾ "ಅವ್ವಾ, ನಾ ದಡ್ಡ ಅದೀನಿ" ಅಂದ. ಹತ್ತು ವರ್ಷದ ಹುಡುಗ. ಅದನ್ನು ಅವನ ತಲೆಯಿಂದ ತೆಗೆಯೋಕೆ ಊರ ಶಾಲೆಯ ಅಕ್ಕೋರಿಗೆ ಒಂದೂವರೆ ವರ್ಷ ಬೇಕಾಯಿತು. ಎಂಟರಲ್ಲಿ ಅವನೇ ಎನ್‌ಎಂಎಂಎಸ್ ಬರೆದು ಪಾಸಾದ.

ಹಾಗಾಗಿ ಪರೀಕ್ಷೆ ಬರೆಸಿ, ಖಂಡಿತ ಬರೆಸಿ. ಹಳೆಯ ಪ್ರಶ್ನೆಪತ್ರಿಕೆ ತಂದು ಮನೆಯಲ್ಲಿ ದಿನಕ್ಕೆ ಒಂದು ತಾಸು ಮಾಡಿಸಿ. ಊರಿನ ಮೇಷ್ಟ್ರು ಸಂಜೆ ಹೇಳಿಕೊಡುತ್ತಾರಾದರೆ ಇನ್ನೂ ಒಳ್ಳೆಯದು. ಹತ್ತು ವರ್ಷದ ಮಗುವನ್ನು ಸೀಟಿಗಾಗಿ ಮನೆಬಿಟ್ಟು ಕಳಿಸಬೇಡಿ.

ತೀರ್ಮಾನ ಮಾಡುವಾಗ

ಊರ ಶಾಲೆಯಲ್ಲಿ ಗಣಿತಕ್ಕೆ, ಇಂಗ್ಲಿಷಿಗೆ ಜನ ಇದ್ದು, ಏಳನೇ ಕ್ಲಾಸಿನ ಮಕ್ಕಳು ಭಾಗಾಕಾರ ಮಾಡುತ್ತಾರೆ ಅಂದರೆ ಅಲ್ಲೇ ಇರಿಸಿ, ಉಳಿದ ಪರೀಕ್ಷೆಗಳನ್ನು ಅನುಭವಕ್ಕೆ ಅಂತ ಬರೆಸಿ. ಶಿಕ್ಷಕರಿಲ್ಲ, ಬಸ್ಸಿದೆ ಅಂದರೆ ಪಬ್ಲಿಕ್ ಶಾಲೆ ಅಥವಾ ಆದರ್ಶ. ಮಗು ಕನ್ನಡದಲ್ಲೇ ಇನ್ನೂ ತಡವರಿಸುತ್ತಿದ್ದರೆ ಆದರ್ಶ ಬೇಡ, ಮೊದಲು ಓದು ಗಟ್ಟಿಯಾಗಲಿ. ಗುಳೆ ಹೋಗುವವರಿಗೆ ವಸತಿ ಶಾಲೆ, ಅದು ಸಿಗದಿದ್ದರೆ ಮಗುವನ್ನು ಅಜ್ಜಿಯ ಹತ್ತಿರ ಬಿಟ್ಟು ಊರ ಶಾಲೆಗೇ ಕಳಿಸಿ, ಗ್ಯಾಂಗಿನ ಜೊತೆ ಮಾತ್ರ ಬೇಡ. ರಾತ್ರಿ ಹೆದರುವ, ಹಾಸಿಗೆ ಒದ್ದೆ ಮಾಡುವ, ತಾಯಿ ಬಿಟ್ಟಿರದ ಮಗುವನ್ನು ಯಾವ ಒಳ್ಳೆಯ ವಸತಿ ಶಾಲೆಗೂ ಆರರಲ್ಲಿ ಕಳಿಸಬೇಡಿ, ಅದೆಷ್ಟೇ ದೊಡ್ಡ ಹೆಸರಿನದಾದರೂ.

ಮಗುವನ್ನೂ ಕೇಳಿ. ಶಾಲೆ ನೋಡೋಕೆ ಹೋಗುವಾಗ ಕರೆದುಕೊಂಡು ಹೋಗಿ. ನನ್ನ ಮಗಳು ಒಂದು ಶಾಲೆಯಲ್ಲಿ ನೀರಿನ ನಲ್ಲಿ ತಿರುಗಿಸಿ ನೋಡಿದಳು, ಇನ್ನೊಂದರಲ್ಲಿ ಲೈಬ್ರರಿಯ ಪುಸ್ತಕದ ಧೂಳು ಒರೆಸಿ ನೋಡಿದಳು. ನಾನು ನೋಡದ್ದು ಅವಳಿಗೆ ಕಂಡಿತ್ತು.

ಕಾಗದಪತ್ರದ ಮಾತು ಹೇಳಿ ಮುಗಿಸುತ್ತೇನೆ. ನವೋದಯದ ಅರ್ಜಿ ಸಾಮಾನ್ಯವಾಗಿ ಮಳೆಗಾಲದಲ್ಲೇ ಕರೆಯುತ್ತಾರೆ, ದೀಪಾವಳಿಗೆ ಕೇಳಿದರೆ ತಡ. ಮಗು ಐದನೇ ಕ್ಲಾಸಿಗೆ ಕಾಲಿಟ್ಟ ಜೂನ್‌ನಲ್ಲೇ ಎಚ್ಚರ ಇರಬೇಕು. ಸೈನಿಕ, ಮೊರಾರ್ಜಿ, ಆದರ್ಶದ ಅರ್ಜಿಗಳು ಅದರ ನಂತರ, ಚಳಿಗಾಲದ ಆಸುಪಾಸು ಬರುತ್ತವೆ. ಆಧಾರ್‌ನಲ್ಲಿರುವ ಹೆಸರು ಮತ್ತು ಹುಟ್ಟಿದ ತಾರೀಖು ಶಾಲೆಯ ದಾಖಲೆಯ ಜೊತೆ ಹೊಂದಬೇಕು, ಒಂದು ಒತ್ತಕ್ಷರ ತಪ್ಪಿದ್ದಕ್ಕೆ ಮೂರು ಸಲ ಓಡಾಡಿದವರನ್ನು ನೋಡಿದ್ದೇನೆ. ಜಾತಿ ಮತ್ತು ಆದಾಯ ಪ್ರಮಾಣ ಪತ್ರದ ಮೇಲಿರುವ ಆರ್‌ಡಿ ನಂಬರ್ ಬೇಕು. ಆದಾಯದ್ದು ಅವಧಿ ಮುಗಿದಿದೆಯಾ ಅಂತ ಇವತ್ತೇ ತೆಗೆದು ನೋಡಿ. ಮುಗಿದಿದ್ದರೆ ಕಟಾವಿಗೆ ಹೊರಡುವ ಮುಂಚೆ ನಾಡಕಚೇರಿಗೆ ಹೋಗಿ ಅರ್ಜಿ ಕೊಟ್ಟುಬಿಡಿ.